ಹಳೆಯ ಕಾರು, ಹಿಂದೊಂದು ಟ್ರೇಲರು

ವಾಸ ತುಮಕೂರಿನಲ್ಲಿ, ಜಮೀನು ಪಾವಗಡ, ಮಧುಗಿರಿ ಸೀಮೆಯ ರಾಯಚರ್ಲುವಿನಲ್ಲಿ. ಇಂಥ ಗೃಹಸ್ಥರಿಗೆ ಒಂದೇ ಕಾರು ಸಂಸಾರವನ್ನೂ ಹೊರಬೇಕು, ಸುಗ್ಗಿಯಲ್ಲಿ ಕಡಲೆಕಾಯಿ ಮೂಟೆಗಳ ಚಿಕ್ಕ ಟ್ರೇಲರನ್ನೂ ಎಳೆಯಬೇಕು. ಹಳೆಯ ಬಂಡಿಯನ್ನು ಕೊಳ್ಳಹೊರಟಾಗ ಮನೆಯವರ ದೃಷ್ಟಿ ಬಣ್ಣದ ಮೇಲಿರುವುದು ಸಹಜ. ಯಜಮಾನರು ಮಾತ್ರ ಮೊಣಕಾಲೂರಿ ಅಡಿಭಾಗವನ್ನು ನೋಡತಕ್ಕದ್ದು.

ಪುಟ್ಟ ಕಾರುಗಳಿಗೆ ಪ್ರತ್ಯೇಕ ಚಾಸಿಯಿಲ್ಲ. ಎಳೆತದ ಜಗ್ಗಾಟವನ್ನು ಮೈತಗಡೇ ತಾಳಬೇಕು. 2000ದಲ್ಲಿ ಬಂದ ಬೊಲೆರೊ, ಕ್ವಾಲಿಸ್‌ಗಳಿಗೂ 2005ರ ಇನೋವಾಕ್ಕೂ ಉಕ್ಕಿನ ಚಾಸಿಯುಂಟು. ಆದರೆ ಕ್ವಾಲಿಸ್ ತಯಾರಿಕೆ 2005ರಲ್ಲೇ ನಿಂತುದರಿಂದ 15 ವರ್ಷ ದಾಟದ ಒಂದೂ ಉಳಿದಿಲ್ಲ. ನೋಂದಣಿಯ ನವೀಕರಣವನ್ನು ಕಣ್ಣಾರೆ ಕಂಡ ಮೇಲೆಯೇ ಬೆಲೆಯ ಮಾತು.

ಚಾಸಿಯಲ್ಲಿ ತುಕ್ಕು, ಹೊಸ ಬೆಸುಗೆ ಕಂಡರೆ ನಮಸ್ಕಾರ ಹೇಳಿ ಹಿಂದಿರುಗಿರಿ. ಕೈಬ್ರೇಕು ಬಿಗಿದು, ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಟ್ಟರೆ ಎಂಜಿನು ಒಡನೆ ನಿಲ್ಲಬೇಕು. ಏನೂ ಆಗದಂತೆ ಗುರುಗುಟ್ಟುತ್ತಿದ್ದರೆ ಕ್ಲಚ್ಚು ಸವೆದಿದೆ. ಆ ಸೀಮೆಯ ಬಿಸಿಲಿನಲ್ಲಿ ಹೊರೆಯೆಳೆಯುವ ಎಂಜಿನು ಬೇಗ ಕುದಿಯುತ್ತದೆ; ಅರ್ಧ ಗಂಟೆ ಓಡಿಸಿ ಉಷ್ಣಮಾಪಕದ ಮುಳ್ಳನ್ನು ಗಮನಿಸಿರಿ.

ಬ್ರೇಕು ಎಲ್ಲಕ್ಕಿಂತ ಮುಖ್ಯ. ಇಳಿಜಾರಿನಲ್ಲಿ ಟ್ರೇಲರು ಕಾರನ್ನೇ ಹಿಂದಿನಿಂದ ದೂಡುತ್ತದೆ. ಒಳಗೆ ಕುಳಿತಿರುವವರು ನಿಮ್ಮ ಮಕ್ಕಳು. ತಯಾರಕರ ಕೈಪಿಡಿ ಹೇಳಿದ ತೂಕವನ್ನು ಮೀರಲಾಗದು. ಕೈಪಿಡಿಯು ಎಳೆಯಲೇಬಾರದೆಂದಿದ್ದರೆ ಟ್ರೇಲರಿನ ಆಸೆ ಬಿಡಿರಿ. ಮೂಟೆಗಳಿಗೆ ಬಾಡಿಗೆ ಟ್ರ್ಯಾಕ್ಟರು ಇದ್ದೇ ಇದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೇಲರೂ ಒಂದು ವಾಹನವೇ. ಅದಕ್ಕೂ ಬೇರೆ ನೋಂದಣಿ ಬೇಕು. ಗಡಿಯಾಚೆಯ ಮಡಕಶಿರಾದಲ್ಲಿ ಬಂಡಿ ಅಗ್ಗವೆಂದು ಯಾರಾದರೂ ಹೇಳಿದರೆ, ಆಂಧ್ರದ ನಿರಾಕ್ಷೇಪಣಾ ಪತ್ರದ ಓಡಾಟವನ್ನೂ ಕರ್ನಾಟಕದಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಕೂಡಿಸಿ ಲೆಕ್ಕ ಹಾಕಿರಿ.