ಗೇಟಿನ ಮುಂದೆ ನಿಂತ ಲಾರಿಗೂ ಬಾಡಿಗೆ ಬೇಕು

ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನಂಚಿನ ಮದ್ದೂರು ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಗುಂಡ್ಲುಪೇಟೆ, ತೆರಕಣಾಂಬಿಯ ಮಾರುಕಟ್ಟೆಗಳಲ್ಲಿ ಟೊಮೆಟೊ, ಬೀನ್ಸ್, ಸಾಂಬಾರ್ ಈರುಳ್ಳಿ ತುಂಬಿಕೊಂಡು ಕೇರಳಕ್ಕೆ ಹೊರಟ ಲಾರಿ ಐದು ನಿಮಿಷ ತಡವಾಗಿ ಬಂದರೂ ಬೆಳಿಗ್ಗೆ ಆರರವರೆಗೆ ಅಲ್ಲೇ ನಿಲ್ಲಬೇಕು. ಬಂಡೀಪುರದ ಈ ರಾತ್ರಿ ಸಂಚಾರ ನಿಷೇಧ 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿಯ ಆದೇಶದಿಂದ ಶುರುವಾಯಿತು, 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಆನೆಯ ಪರ, ರೈತರ ಪರ, ವಯನಾಡಿನವರ ಪರ ಮಾತು ಬೇಕಾದಷ್ಟು ಆಗಿದೆ. ಆ ಒಂಬತ್ತು ಗಂಟೆಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳಿದವರು ಮಾತ್ರ ಕಡಿಮೆ. ಸರಕು ಕಳಿಸಿದವರು ಅದನ್ನು ಕೊಡುವುದಿಲ್ಲ, ತರಿಸಿಕೊಂಡವರೂ ಕೊಡುವುದಿಲ್ಲ, ಲೋಡು ಕೊಡಿಸಿದ ಟ್ರಾನ್ಸ್‌ಪೋರ್ಟ್ ಕಂಪನಿಯೂ ಕೊಡುವುದಿಲ್ಲ. ಸಾಲ ಮಾಡಿ ಲಾರಿ ಕೊಂಡು ತಾನೇ ಓಡಿಸುವ ಚಾಲಕನೇ ಅದನ್ನು ಹೊರುತ್ತಾನೆ. ಇದು ಬದಲಾಗಬೇಕು ಎಂಬುದು ನನ್ನ ವಾದ.

ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳ ಹೆಸರಿನಲ್ಲಿ ಓಡುವ ಲಾರಿಗಳೆಲ್ಲ ಆ ಕಂಪನಿಗಳವೇ ಎಂದು ಹೊರಗಿನವರು ತಿಳಿದಿರುತ್ತಾರೆ. ಅವುಗಳಲ್ಲಿ ಬಹಳಷ್ಟು ‘ಅಟ್ಯಾಚ್’ ಲಾರಿಗಳು. ಲೋಡು ಕಂಪನಿಯದು, ಲಾರಿ ಚಾಲಕನದು. ಅವನ ಆರ್‌ಸಿ ತೆಗೆದು ನೋಡಿ. ಮಾಲೀಕನ ಜಾಗದಲ್ಲಿ ಅವನ ಹೆಸರಿದೆ, ಅದೇ ಪುಸ್ತಕದಲ್ಲಿ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರೂ ಇದೆ. ಕಂತು ತಪ್ಪಿದರೆ ಲಾರಿ ಸೀಜ್ ಆಗುತ್ತದೆ. ಬಾಡಿಗೆ ಎಷ್ಟೆಂದು ನಿಗದಿ ಮಾಡುವುದು ಅವನ ಕೈಯಲ್ಲಿಲ್ಲ, ಡೀಸೆಲ್ ದರವೂ ಅವನ ಕೈಯಲ್ಲಿಲ್ಲ, ಗೋದಾಮಿನಲ್ಲಿ ಯಾವಾಗ ಅನ್‌ಲೋಡ್ ಮಾಡುತ್ತಾರೆ ಎಂಬುದಂತೂ ಇಲ್ಲವೇ ಇಲ್ಲ. ನಷ್ಟ ಬಂದಾಗ ಮಾತ್ರ ಅವನು ಪೂರ್ತಿ ಮಾಲೀಕ.

ಒಂದು ಲೆಕ್ಕ ಹಾಕೋಣ. ಹತ್ತು ಚಕ್ರದ ಲಾರಿಗೆ 25 ಲಕ್ಷ ರೂಪಾಯಿ ಸಾಲ, ಶೇ 12ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 55,600 ರೂಪಾಯಿ. ದಿನಕ್ಕೆ 1,850 ರೂಪಾಯಿಯ ಆಸುಪಾಸು. ಈ ಗಾತ್ರದ ಲಾರಿಗೆ ಥರ್ಡ್ ಪಾರ್ಟಿ ವಿಮೆಯ ಕಂತೇ, 2022ರ ಜೂನ್‌ನಲ್ಲಿ ನಿಗದಿಯಾದಂತೆ, ವರ್ಷಕ್ಕೆ 43,950 ರೂಪಾಯಿ. ದಿನಕ್ಕೆ ಇನ್ನೊಂದು 120. ಅಂದರೆ ಚಕ್ರ ಒಂದು ಸುತ್ತು ಉರುಳದಿದ್ದರೂ ದಿನ ಬೆಳಗಾದರೆ ಸುಮಾರು 1,970 ರೂಪಾಯಿ ಹೊರಗೆ ಹೋಗುತ್ತದೆ. ಟೈರು, ಎಫ್‌ಸಿ, ಪರ್ಮಿಟ್, ತೆರಿಗೆ ಇನ್ನೂ ಸೇರಿಲ್ಲ. ಗೇಟಿನ ಮುಂದಿನ ಒಂಬತ್ತು ಗಂಟೆಯ ಪಾಲು 740 ರೂಪಾಯಿ ಆಯಿತು. ಇನ್ನು ಡೀಸೆಲ್. ಗುಂಡ್ಲುಪೇಟೆಯಿಂದ ಕೋಯಿಕ್ಕೋಡಿಗೆ ಹೋಗಿ ಬರಲು ಸುಮಾರು 300 ಕಿ.ಮೀ.; ಲೀಟರಿಗೆ 4 ಕಿ.ಮೀ. ಸಿಕ್ಕರೆ 75 ಲೀಟರು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ಲೀಟರಿಗೆ 2 ರೂಪಾಯಿ ಹೆಚ್ಚಾಗಿ ಬೆಂಗಳೂರಿನ ದರ 91 ದಾಟಿತು. ಒಂದು ಟ್ರಿಪ್ಪಿಗೆ 150 ರೂಪಾಯಿ ಹೆಚ್ಚಿನ ಹೊರೆ. ಆ ತಿಂಗಳು ಲಾರಿ ಮಾಲೀಕರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ದಕ್ಕೆ ಇದೂ ಕಾರಣ. ಮುಂಚೆಯೇ ಮಾತಾದ ಬಾಡಿಗೆಗೆ ಓಡುವವನಿಗೆ ಆ ಹೊರೆಯನ್ನು ಬೇರೆಯವರಿಗೆ ದಾಟಿಸಲು ದಾರಿ ಇರಲಿಲ್ಲ. ವಾಪಸ್ ಲೋಡು ಸಿಗದೆ ಖಾಲಿ ಬಂದರಂತೂ ಅರ್ಧ ಡೀಸೆಲ್ ಬರೀ ನಷ್ಟ. ಇಷ್ಟೆಲ್ಲ ಕಳೆದು ಉಳಿದದ್ದೇ ಅವನ ಕೂಲಿ. ಅವನು ಬೇರೆ ಚಾಲಕನನ್ನು ಇಟ್ಟಿದ್ದರೆ ಕೊಡಬೇಕಾಗಿದ್ದ ಸಂಬಳ ಮತ್ತು ಬಾಟಾ ಕಳೆದು ನೋಡಿದರೆ ‘ಲಾಭ’ ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ?

ಕಾನೂನು ಅವನನ್ನು ಕೆಲಸಗಾರ ಎಂದು ನೋಡಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹಾಕಿದ್ದ ಮಿತಿ ಬೇರೆಯವರ ಕೈಕೆಳಗೆ ದುಡಿಯುವವರಿಗಷ್ಟೇ ಇತ್ತು. 2007ರ ರಸ್ತೆ ಸಾಗಣೆ ಕಾಯ್ದೆ ಸರಕಿಗೆ ಹಾನಿಯಾದರೆ ಯಾರು ಹೊಣೆ ಎಂದು ವಿವರವಾಗಿ ಹೇಳುತ್ತದೆ. ಲಾರಿಯವನ ಬಾಡಿಗೆಯ ವಿಷಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಮೆರಿಕದಲ್ಲೂ ಇದೇ ಗೋಳು. ಕಂಪನಿಯಿಂದಲೇ ಲೀಸ್‌ಗೆ ಲಾರಿ ಪಡೆದು, ಅದೇ ಕಂಪನಿಯ ಲೋಡು ಹೊತ್ತು, ಬಾಡಿಗೆಯಲ್ಲೇ ಕಂತು ಮುರಿಸಿಕೊಳ್ಳುವ ಚಾಲಕರು ಅಲ್ಲಿ ಬಹಳ. ಅಲ್ಲಿನ ಕೇಂದ್ರ ಸರ್ಕಾರ ನೇಮಿಸಿದ್ದ ಕಾರ್ಯಪಡೆ 2025ರ ಜನವರಿಯಲ್ಲಿ ವರದಿ ಕೊಟ್ಟು, ಇಂಥ ಲೀಸ್-ಖರೀದಿ ಯೋಜನೆಗಳನ್ನೇ ನಿಷೇಧಿಸಿ ಎಂದಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸ್ವಂತ ಲಾರಿ ಓಡಿಸುವವರಿಗೂ ಕನಿಷ್ಠ ದರ ನಿಗದಿ ಮಾಡುವ ಅಧಿಕಾರ ಕೈಗಾರಿಕಾ ನ್ಯಾಯಮಂಡಳಿಗೆ ಇದೆ.

ಇದು ವ್ಯಾಪಾರ, ಇಷ್ಟವಿದ್ದವರು ಮಾಡುತ್ತಾರೆ, ಸೀಸನ್ ಚೆನ್ನಾಗಿದ್ದಾಗ ಕಾಸು ಮಾಡಿಕೊಳ್ಳುವುದೂ ಅವರೇ ತಾನೆ ಎನ್ನುವವರಿದ್ದಾರೆ. ಓಣಂ ಹೊತ್ತಿಗೆ ಬಾಡಿಗೆ ಏರುವುದು ನಿಜ. ಆದರೆ ವ್ಯಾಪಾರ ಎಂದರೆ ಬೆಲೆ ಹೇಳುವ, ಆಗದಿದ್ದರೆ ಬಿಟ್ಟು ಏಳುವ ಅವಕಾಶ ಇರಬೇಕು. ತಿಂಗಳ ಐದನೇ ತಾರೀಕು ಕಂತು ಕಟ್ಟಲೇಬೇಕಾದವನು ಯಾವ ಲೋಡು ಬಿಟ್ಟಾನು? ಬಾಡಿಗೆ ಏರಿಸಿದರೆ ರೈತನಿಗೆ ಸಿಗುವ ಬೆಲೆ ಕುಸಿಯುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಯಾಕೆಂದರೆ ಗುಂಡ್ಲುಪೇಟೆಯ ತರಕಾರಿ ಬೆಳೆಗಾರರೂ ಸುಖದಲ್ಲಿಲ್ಲ. ಅದನ್ನೂ ಲೆಕ್ಕ ಹಾಕಿ ನೋಡಿದೆ. ಒಂದು ರಾತ್ರಿ ಕಾದದ್ದಕ್ಕೆ 1,000 ರೂಪಾಯಿ ಕೊಟ್ಟರೆ, 15 ಟನ್ ಲೋಡಿನಲ್ಲಿ ಕಿಲೋಗೆ 7 ಪೈಸೆಯೂ ಆಗುವುದಿಲ್ಲ. ಹೊಲದಲ್ಲಿನ ಬೆಲೆಗೂ ಕೋಯಿಕ್ಕೋಡಿನ ಅಂಗಡಿಯ ಬೆಲೆಗೂ ಇರುವ ಅಂತರದಲ್ಲಿ ಅದನ್ನು ಹುಡುಕುವುದೂ ಕಷ್ಟ. ಹಾಗಾದರೆ ರಾತ್ರಿ ನಿಷೇಧವನ್ನೇ ತೆಗೆದುಹಾಕಿ ಎನ್ನುವ ಮೂರನೆಯ ಗುಂಪನ್ನು ನಾನು ಒಪ್ಪಲಾರೆ. ರಾತ್ರಿ ಹೊತ್ತು ಆ ರಸ್ತೆ ಪ್ರಾಣಿಗಳಿಗೆ ಬೇಕು. ಸತ್ಯಮಂಗಲದ ಕಡೆಯ ದಿಂಬಂ ಘಟ್ಟದಲ್ಲೂ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರ ನಿಂತಿದೆ. ಕಾಡು ಉಳಿಸುವುದು ಸಮಾಜದ ತೀರ್ಮಾನ; ಅದರ ಬೆಲೆಯನ್ನು ಸಾಲಗಾರ ಚಾಲಕ ಒಬ್ಬನೇ ತೆರಬೇಕು ಎಂದು ಯಾವ ಕೋರ್ಟೂ ಹೇಳಿಲ್ಲ.

ಈ ಹೊರೆ ಹಂಚಲು ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಒಂದೇ ಲಾರಿ ಇರುವವನೂ ಉದ್ಯಮ್ ಪೋರ್ಟಲ್‌ನಲ್ಲಿ ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಆಗ 2006ರ ಎಂಎಸ್‌ಎಂಇ ಕಾಯ್ದೆಯಂತೆ ಬಾಕಿ ಬಾಡಿಗೆಯನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಲಾರಿ ಮಾಲೀಕರ ಸಂಘಗಳು ಮೊದಲು ಈ ನೋಂದಣಿ ಮಾಡಿಸಲಿ. ಜಿಲ್ಲಾಡಳಿತ ಎಪಿಎಂಸಿ ವರ್ತಕರನ್ನು, ಟ್ರಾನ್ಸ್‌ಪೋರ್ಟ್ ಆಫೀಸಿನವರನ್ನು, ಲಾರಿಯವರನ್ನು ಒಂದೇ ಮೇಜಿಗೆ ಕರೆಯಲಿ. ನಿಷೇಧದ ಮೊದಲ ಆದೇಶ ಹೊರಟ ಕಚೇರಿ ಅದು, ಈ ಹೊಣೆಯೂ ಅದಕ್ಕೆ ಸಲ್ಲುತ್ತದೆ. ಲೋಡಿಂಗ್ ಚೀಟಿಯಲ್ಲಿ ಲಾರಿ ನಂಬರು, ತೂಕ, ಬಾಡಿಗೆ, ಅಡ್ವಾನ್ಸ್, ಬಾಕಿ ಎಂದು ಬರೆಯುತ್ತಾರಲ್ಲ, ಅದರ ಕೆಳಗೆ ಇನ್ನೆರಡು ಸಾಲು ಅಚ್ಚಾಗಲಿ: ಇಂದಿನ ಡೀಸೆಲ್ ದರ, ಕಾದ ಗಂಟೆ. ಎರಡಕ್ಕೂ ತಕ್ಕಂತೆ ಬಾಡಿಗೆ ಸೇರಲಿ. ಮುಂದಿನ ಓಣಂ ಲೋಡು ಹೊರಡುವುದರೊಳಗೆ ಇಷ್ಟನ್ನು ಮಾಡಬಹುದು.