ಲ್ಯಾಪ್‌ಟಾಪಿಗೂ ಮಿಕ್ಸಿಗೂ ಒಂದೇ ಲೆಕ್ಕ



ಹೋದ ಸಂಚಿಕೆಯಲ್ಲಿ ಮಾವಿನಕಾಯಿ ಗೊಜ್ಜಿನ ಬಗ್ಗೆ ಬರೆದವಳು ಈ ಸಲ ಲ್ಯಾಪ್‌ಟಾಪ್ ಬಗ್ಗೆ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ನ್ಯಾಮತಿಯಲ್ಲಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿದ್ದಳು. ಅವಳ ಮಗಳಿಗೆ ದಾವಣಗೆರೆಯ ಬಿ.ಡಿ.ಟಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. 1951ರಿಂದ ನಡೆಯುತ್ತಿರುವ ಕಾಲೇಜು ಅದು. "ಅಕ್ಕಾ, ಅಂಗಡೀಲಿ ಎರಡು ಲ್ಯಾಪ್‌ಟಾಪ್ ತೋರಿಸಿದಾರೆ. ನೋಡೋಕೆ ಒಂದೇ ಥರ, ಬೆಲೆನೂ ಹೆಚ್ಚು ಕಮ್ಮಿ ಒಂದೇ. ಯಾವುದು ತಗೊಳ್ಳಲಿ?" ಅಂದಳು.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಆದರೂ ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ನಾವು ಮಾಡಿದ ತಪ್ಪು ನೆಂಟರಿಗೆಲ್ಲ ಗೊತ್ತು!

ಆಗ ಚನ್ನಗಿರಿಯಲ್ಲಿ ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರವೇ ಮಗನಿಗೆ ಲ್ಯಾಪ್‌ಟಾಪ್ ತಂದೆವು. ಅಂಗಡಿಯವರು "ದೊಡ್ಡ ಪ್ರೊಸೆಸರ್ ಇರೋದನ್ನೇ ಒಯ್ಯಿರಿ" ಅಂದರು. ನಮ್ಮನೆಯವರೂ ತಲೆಯಾಡಿಸಿದರು. ಮಗ ಓದುತ್ತಿದ್ದದ್ದು ಬಿ.ಕಾಂ. ಲೆಕ್ಕ ಬರೆಯೋದು, ಪಾಠದ ವಿಡಿಯೊ ನೋಡೋದು, ಅಷ್ಟೇ ಕೆಲಸ. ರಾತ್ರಿ ಊಟ ಆದಮೇಲೆ ತೆಗೆದು ಕೂತರೆ ಅದರ ಫ್ಯಾನು ಗುರ್ರ್ ಅನ್ನೋದು. ನಮ್ಮದು ಒಂದೇ ನಡುಮನೆ, ಅತ್ತೆಯವರು ಮಲಗೋದೂ ಅಲ್ಲೇ. "ಏನವ್ವಾ ಇದು, ಮನೇಲೇ ಹಿಟ್ಟಿನ ಗಿರಣಿ ಇಟ್ಟೀರೇನು?" ಅಂತ ಎದ್ದು ಕೂರೋರು. ಬೇಸಿಗೆಯಲ್ಲಂತೂ ತೊಡೆ ಮೇಲೆ ಇಟ್ಟುಕೊಳ್ಳೋ ಹಾಗಿರಲಿಲ್ಲ. ಕಡೆಗೆ ಪರೀಕ್ಷೆ ಹೊತ್ತಿನಲ್ಲೂ ಮಗ ಹತ್ತು ಗಂಟೆಗೆ ಮುಚ್ಚಿಟ್ಟು ಮಲಗುತ್ತಿದ್ದ. ದುಡ್ಡು ಕೊಟ್ಟದ್ದು ನಾವು, ಓದು ಕೆಟ್ಟದ್ದು ಅವನದು.

ಆಮೇಲೆ ಕೇಳಿ ಕೇಳಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಪ್ರೊಸೆಸರ್ ಅಂದರೆ ಮಿಕ್ಸಿಯ ಮೋಟಾರು ಅಂತಿಟ್ಟುಕೊಳ್ಳಿ. ಅದು ಉಂಡ ಕರೆಂಟೆಲ್ಲ ಕಡೆಗೆ ಶಾಖವಾಗಿಯೇ ಹೊರಗೆ ಬರಬೇಕು. ಆ ಶಾಖವನ್ನು ಒಳಗಿನ ತಾಮ್ರದ ಕೊಳವೆ ಹೊತ್ತು ತರುತ್ತದೆ, ಫ್ಯಾನು ಆಚೆಗೆ ದೂಡುತ್ತದೆ. ಶಾಖ ಹೆಚ್ಚಿದಷ್ಟೂ ಫ್ಯಾನಿನ ಸದ್ದು ಹೆಚ್ಚು. ಫ್ಯಾನಿಗೂ ಆಗದಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಟ್ಟಿ ಹಿಟ್ಟು ರುಬ್ಬುವಾಗ ಮಿಕ್ಸಿ ಕಾದು ಅಡಿಯ ಕೆಂಪು ಗುಂಡಿ ಹಾರಿ ನಿಲ್ಲುತ್ತಲ್ಲ, ಹಾಗೇ. ಇದು ನಿಲ್ಲೋ ಬದಲು ನಿಧಾನವಾಗುತ್ತೆ, ಅಷ್ಟೇ ವ್ಯತ್ಯಾಸ. ಇಂಟೆಲ್ ಕಂಪನಿಯ ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಈ ಗಡಿ 100 ಡಿಗ್ರಿ. ನಮ್ಮ ಎಸರು ಕುದಿಯೋ ಬಿಸಿ!

ಇನ್ನು ಹೆಸರಿನ ಗುಟ್ಟು. 2022ರಲ್ಲಿ ಬಂದ ಇಂಟೆಲ್‌ನ ಎರಡು ಪ್ರೊಸೆಸರ್ ನೋಡಿ: ಐ5 1235 ಯು, ಐ5 12450 ಎಚ್. ಎರಡೂ 'ಐ5' ತಾನೇ ಅಂತ ನಾವು ಮೋಸ ಹೋಗುತ್ತೇವೆ. ನೋಡಬೇಕಾದ್ದು ಕೊನೆಯ ಅಕ್ಷರ. 'ಯು' ಇದ್ದರೆ ಅದರ ಮೂಲ ಲೆಕ್ಕ 15 ವ್ಯಾಟ್, 'ಎಚ್' ಇದ್ದರೆ 45 ವ್ಯಾಟ್. ಭಾರದ ಕೆಲಸ ಬಿದ್ದಾಗ ಈ ಯು ಸ್ವಲ್ಪ ಹೊತ್ತು 55ರವರೆಗೂ, ಈ ಎಚ್ 95ರವರೆಗೂ ಏರಬಲ್ಲವು. ಅದಕ್ಕೇ 'ಯು' ಕೂಡ ಒಮ್ಮೊಮ್ಮೆ ಗುರ್ ಅನ್ನುತ್ತೆ, ಆದರೆ ದಿನವಿಡೀ ಅಲ್ಲ. ನಾವು ತಂದದ್ದು ಯಾವುದು ಅಂತ ನಿಮಗೆ ತಿಳಿದಿರಬೇಕು.

ಹಾಗಂತ ಎಚ್ ಕೆಟ್ಟದ್ದಲ್ಲ. ಹೊನ್ನಾಳಿಯ ನಮ್ಮ ನಾದಿನಿಯ ಮಗ ಸಿವಿಲ್ ಇಂಜಿನಿಯರಿಂಗ್ ಓದುತ್ತಾನೆ. ಕಟ್ಟಡದ ನಕ್ಷೆಗಳನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡಬೇಕು. ಅವನಿಗೆ ಎಚ್ ಇರೋದೇ ಸರಿ, ಸದ್ದನ್ನು ಸಹಿಸಿಕೊಳ್ಳುತ್ತಾನೆ. ದಿನಾ ಚಟ್ನಿ ರುಬ್ಬೋ ಮನೆಗೆ ಮದುವೆ ಮನೆಯ ಗ್ರೈಂಡರ್ ಯಾಕೆ ಅನ್ನೋದಷ್ಟೇ ನನ್ನ ಮಾತು.

ತಂಗಿ ಚೀಟಿಯಲ್ಲಿ ಬರೆಸಿಕೊಂಡು ಬಂದದ್ದು ಎ.ಎಂ.ಡಿ. ಕಂಪನಿಯವು: ರೈಜನ್ 5 7520 ಯು, ರೈಜನ್ 5 7530 ಯು. ಒಂದೇ ಒಂದು ಅಂಕೆ ಬೇರೆ. ಕೊನೆಯ ಅಕ್ಷರ ಒಂದೇ, ಎರಡೂ 15 ವ್ಯಾಟ್. ಆದರೆ ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಕೋರ್ ಅಂದರೆ ಕೆಲಸದಾಳು. ಈ ಸಾಲಿನ ಹೆಸರುಗಳಲ್ಲಿ ಮೂರನೆಯ ಅಂಕೆ ಒಳಗಿನ ವಿನ್ಯಾಸ ಯಾವ ಪೀಳಿಗೆಯದು ಅಂತ ಹೇಳುತ್ತೆ. 2 ಇದ್ದರೆ ಹಳೆಯದು, 3 ಇದ್ದರೆ ಅದರ ನಂತರದ್ದು. ಇನ್ನೊಂದು ಮಾತು, 7520 ಯು ಇರುವ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಬೆಸುಗೆ ಹಾಕಿಯೇ ಬರುತ್ತದೆ, ಆಮೇಲೆ ಹೆಚ್ಚಿಸೋಕೆ ಬರೋದಿಲ್ಲ. ನಾಲ್ಕು ವರ್ಷ ಓದೋ ಮಗುವಿಗೆ 7530 ಇರೋದೇ ಮೇಲು ಅಂದೆ.

ಆದರೂ ಚೀಟಿ ನೋಡಿ ತೀರ್ಮಾನಿಸಬೇಡ ಅಂತಲೂ ಹೇಳಿದೆ. ಒಂದೇ ಪ್ರೊಸೆಸರನ್ನು ಒಂದು ಕಂಪನಿ ತೆಳ್ಳಗಿನ ಪೆಟ್ಟಿಗೆಯಲ್ಲಿ ತುರುಕಿರುತ್ತದೆ, ಇನ್ನೊಂದು ಗಾಳಿಯಾಡೋ ಹಾಗೆ ಕೂರಿಸಿರುತ್ತದೆ. ಅಂಗಡಿಯಲ್ಲಿ ಹಚ್ಚಿಸಿ, ಹದಿನೈದು ನಿಮಿಷ ವಿಡಿಯೊ ಓಡಿಸಿ. ಕೀಲಿಗಳ ಮೇಲೂ ಅಡಿಯಲ್ಲೂ ಅಂಗೈ ಇಟ್ಟು ನೋಡಿ. ಅಂಗಡಿ ಗದ್ದಲದಲ್ಲಿ ಫ್ಯಾನು ಕೇಳಿಸೋದಿಲ್ಲ, ಅದಕ್ಕೇ ಕಿವಿ ಹತ್ತಿರ ಹಿಡಿಯಿರಿ. ನಾವು ತೆಂಗಿನಕಾಯಿ ಅಲ್ಲಾಡಿಸಿ ಕೇಳೋದಿಲ್ಲವೇ, ಇದಕ್ಕೇನು ನಾಚಿಕೆ?

ಮನೆಗೆ ತಂದ ಮೇಲೂ ನಮ್ಮ ಕೈಯಲ್ಲಿ ಮೂರು ಕೆಲಸವಿದೆ:

1. ಹಾಸಿಗೆ, ದಿಂಬಿನ ಮೇಲೆ ಇಡಲೇಬೇಡಿ. ಅಡಿಯ ಗಾಳಿಕಿಂಡಿ ಮುಚ್ಚಿಹೋಗುತ್ತೆ. ಮಣೆ ಅಥವಾ ಮೇಜಿನ ಮೇಲಿಡಿ.

2. ಧೂಳು ತೆಗೆಸಿ. ಜಗಳೂರಿನ ನನ್ನ ವಾರಗಿತ್ತಿಯ ಮನೆಯ ಲ್ಯಾಪ್‌ಟಾಪ್ ಎರಡೇ ಬೇಸಿಗೆಗೆ ಕಿರುಚೋಕೆ ಶುರುಮಾಡಿತ್ತು. ರಿಪೇರಿಯವರು ಬಿಚ್ಚಿ ಫ್ಯಾನಿನ ಧೂಳು ತೆಗೆದ ಮೇಲೆ ತಣ್ಣಗಾಯಿತು. ಫ್ಯಾನು ಎಳೆದುಕೊಳ್ಳೋದು ಕೋಣೆಯ ಗಾಳಿಯನ್ನೇ, ಅದೇ ಬಿಸಿಯಿದ್ದರೆ ಅದು ತಾನೇ ಏನು ಮಾಡೀತು?

3. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಪವರ್ ಅಂತ ಇದೆ. ಅಲ್ಲಿ 'ಬೆಸ್ಟ್ ಪವರ್ ಎಫಿಶಿಯೆನ್ಸಿ' ಆರಿಸಿದರೆ ವೇಗ ತುಸು ಇಳಿದು ಸದ್ದೂ ಇಳಿಯುತ್ತೆ.

ಈ ಮೂರನೆಯದನ್ನು ಕಂಡುಹಿಡಿದವಳು ನನ್ನ ಮಗಳು. ಅವಳಿಗೀಗ ಎರಡನೇ ಪಿಯುಸಿ. ಅಣ್ಣನ ಲ್ಯಾಪ್‌ಟಾಪ್ ಈಗ ಅತ್ತೆಯವರ ಪಕ್ಕದಲ್ಲೇ ಸುಮ್ಮನಿರುತ್ತೆ. ಇದನ್ನು ನೋಡಿ ನಮ್ಮನೆಯವರು, "ಸರಿಹೋಯ್ತಲ್ಲ, ಇವಳಿಗೂ ಮುಂದಕ್ಕೆ ಇದೇ ಸಾಕು" ಅಂದರು. ಮಗನಿಗೆ ಬೇಡದ ದೊಡ್ಡದನ್ನು ಹೊಸದಾಗಿ ತರೋವಾಗ ಯಾರೂ 'ಸಾಕು' ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಈ ಸಲ ಫ್ಯಾನಿನಿಂದಲ್ಲ. ಮಾರನೇ ದಿನವೇ ಒಂದು ಚೀಟಿಗೆ ಸೇರಿದೆ. ಮಗಳು ಏನು ಓದುತ್ತಾಳೋ ನೋಡಿ, ಅದಕ್ಕೆ ತಕ್ಕದ್ದು ಬರುತ್ತೆ.

ತಂಗಿಯ ಮನೆಯಲ್ಲೂ ಅಂಗಡಿಗೆ ಹೊರಟವರು ಅವಳ ಗಂಡ ಮತ್ತು ಮೈದುನ. "ಓದೋಳು ಅವಳು, ಅವಳನ್ನೂ ಕರ್ಕೊಂಡು ಹೋಗ್ಲಿ ಕಣೆ" ಅಂದೆ. ಹೋದಳು. ಹದಿನೈದು ನಿಮಿಷ ಓಡಿಸಿ, ಅಂಗೈ ಇಟ್ಟು, ಕಿವಿಗೊಟ್ಟು ಆರಿಸಿದಳಂತೆ. ಸಂಜೆ ಫೋನ್ ಮಾಡಿ, "ದೊಡ್ಡಮ್ಮ, ಅಂಗಡಿಯವರು ನಕ್ಕರು. ನಾನು ಬಿಡಲಿಲ್ಲ" ಅಂದಳು.

ನೀವೂ ಬಿಡಬೇಡಿ. ಮುಂದಿನ ಸಂಚಿಕೆಯಲ್ಲಿ ಹಲಸಿನಕಾಯಿ ಹಪ್ಪಳ.