ಮತ್ತೆ ನಿಂತವರನ್ನು ಏನು ಕೇಳೋಣ?

ಲೋಕಸಭೆಗೆ ಇಂಥವರು ನಿಂತಿದ್ದಾರೆ ಎಂಬ ಸುದ್ದಿ ಬಂದ ಕೂಡಲೇ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಟ್ಟೆಗಳ ಮೇಲೆ ಏಳುವ ಮೊದಲ ಮಾತು ‘ಅವರು ಯಾವ ಪೈಕಿ?’ ಎಂಬುದು. ಲಿಂಗಾಯತರು ಎಂದು ಹೇಳಿದರೆ ಅಲ್ಲಿಗೆ ಮುಗಿಯುವುದಿಲ್ಲ. ಪಂಚಮಸಾಲಿಯೋ, ಬಣಜಿಗರೋ, ಗಾಣಿಗರೋ, ಜಂಗಮರೋ ಎಂದು ಒಳಪಂಗಡ ತಿಳಿಯುವವರೆಗೆ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಮೊದಲ ಸಲ ನಿಂತವರ ವಿಷಯದಲ್ಲಿ ಈ ಕುತೂಹಲವನ್ನು ಹೇಗೋ ಸಹಿಸಿಕೊಳ್ಳಬಹುದು. ಅವರ ಬಗ್ಗೆ ತಿಳಿಯಲು ಜನರ ಕೈಯಲ್ಲಿ ಬೇರೇನೂ ಇರುವುದಿಲ್ಲ. ಆದರೆ ಎರಡನೇ ಸಲ, ಮೂರನೇ ಸಲ, ನಾಲ್ಕನೇ ಸಲ ನಿಂತವರನ್ನೂ ನಾವು ಅದೇ ಅಳತೆಗೋಲಿನಿಂದ ಅಳೆಯುತ್ತೇವೆ. ಐದು ವರ್ಷ ದಿಲ್ಲಿಯಲ್ಲಿ ಕೂತು ಬಂದವರನ್ನು, ಅಥವಾ ಸೋತು ಐದು ವರ್ಷ ಊರಲ್ಲೇ ಇದ್ದವರನ್ನು ಕೇಳಬೇಕಾದ ಮಾತುಗಳು ಬೇರೆಯೇ ಇವೆ. ಅವನ್ನು ಕೇಳದೆ ಬಿಡುವುದರಿಂದ ನಷ್ಟ ಆಗುತ್ತಿರುವುದು ನಮಗೆ.

ನಮ್ಮ ಸೀಮೆಯ ಒಂದು ತೊಡಕನ್ನು ಮೊದಲೇ ಹೇಳಿಬಿಡಬೇಕು. ಗೋಕಾಕ ಮತ್ತು ಅರಭಾವಿ ವಿಧಾನಸಭಾ ಕ್ಷೇತ್ರಗಳು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಮೂಡಲಗಿ ಇರುವುದು ಅರಭಾವಿಯೊಳಗೆ. ಹುಕ್ಕೇರಿ ಮತ್ತು ಯಮಕನಮರಡಿ ಚಿಕ್ಕೋಡಿಗೆ ಸೇರಿವೆ. ಹಿಡಕಲ್ ಜಲಾಶಯ ಹುಕ್ಕೇರಿ ತಾಲ್ಲೂಕಿನಲ್ಲಿದೆ. ಅದರ ನೀರು ಧೂಪದಾಳಕ್ಕೆ ಬಂದು, ಎಡದಂಡೆ ಕಾಲುವೆ ಹಿಡಿದು ಮೂಡಲಗಿ ಕಡೆಯ ಹೊಲಗಳಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ಲೋಳಸೂರ ಸೇತುವೆ ಮುಳುಗಿ ಗೋಕಾಕದೊಳಗೆ ನೀರು ನುಗ್ಗಿತು. ಹೊಳೆಯೂ ಕಬ್ಬೂ ನೆರೆಯೂ ಎಲ್ಲರಿಗೂ ಒಂದೇ, ಸಂಸದರು ಮಾತ್ರ ಇಬ್ಬರು. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ. ಹಾಗಾಗಿ ಈ ಮೂರು ತಾಲ್ಲೂಕಿನವರು ಮಿಕ್ಕವರಿಗಿಂತ ತುಸು ಹೆಚ್ಚೇ ಚುರುಕಾಗಿ ಲೆಕ್ಕ ಕೇಳಬೇಕಾಗುತ್ತದೆ.

ಮತ್ತೆ ಮತ್ತೆ ನಿಲ್ಲುವುದು ನಮಗೆ ಹೊಸದಲ್ಲ. ಹುಕ್ಕೇರಿ ತಾಲ್ಲೂಕಿನ ಕಣಗಲಾದ ಬಿ. ಶಂಕರಾನಂದರು 1967ರಿಂದ 1991ರವರೆಗೆ ಚಿಕ್ಕೋಡಿಯಿಂದ ಸತತ ಏಳು ಸಲ ಗೆದ್ದರು. ಕೇಂದ್ರದಲ್ಲಿ ಆರೋಗ್ಯ, ಜಲಸಂಪನ್ಮೂಲ, ಪೆಟ್ರೋಲಿಯಂ ಖಾತೆಗಳನ್ನು ನೋಡಿಕೊಂಡರು. ಬೊಫೋರ್ಸ್ ವಿಚಾರಣೆಯ ಜಂಟಿ ಸಂಸದೀಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಆ ಕಾಲದಲ್ಲೆಲ್ಲ ಚಿಕ್ಕೋಡಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಇದನ್ನು ನಮ್ಮವರು ಮರೆತಂತೆ ಕಾಣುತ್ತದೆ. ಲಿಂಗಾಯತ ಮತದಾರರು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರದಲ್ಲಿ ನಮ್ಮ ಅಜ್ಜಂದಿರು, ಅಪ್ಪಂದಿರು ದಲಿತ ಅಭ್ಯರ್ಥಿಗಳ ನಡುವೆ ಆರಿಸಿದರು. ಒಳಪಂಗಡದ ಪ್ರಶ್ನೆ ಕೇಳಲು ಅಲ್ಲಿ ಜಾಗವೇ ಇರಲಿಲ್ಲ. ಅದರಿಂದ ಯಾರ ಕುಲವೂ ಕೆಡಲಿಲ್ಲ. ಅವರು ಪಕ್ಷ ನೋಡಿ ಒತ್ತಿದರೋ, ಇಂದಿರಾ ಗಾಂಧಿಯವರ ಮುಖ ನೋಡಿ ಒತ್ತಿದರೋ ಎಂಬ ವಾದ ಬೇರೆ. ಎಂಟನೇ ಸಲ, 1996ರಲ್ಲಿ, ಜನ ಶಂಕರಾನಂದರನ್ನು ಬಿಟ್ಟು ಜನತಾದಳದ ರತ್ನಮಾಲಾ ಸವಣೂರ ಅವರನ್ನು ಕಳಿಸಿದರು. ನಂತರ ಬಂದ ರಮೇಶ ಜಿಗಜಿಣಗಿಯವರು 1998, 1999, 2004 ಮೂರೂ ಸಲ ಗೆದ್ದರು, ಮೂರೂ ಸಲ ಬೇರೆ ಬೇರೆ ಚಿಹ್ನೆಯ ಮೇಲೆ: ಲೋಕಶಕ್ತಿ, ಸಂಯುಕ್ತ ಜನತಾದಳ, ಬಿಜೆಪಿ. ಅಂದರೆ ಚಿಹ್ನೆ ಬದಲಾದರೂ ಜನ ಮನುಷ್ಯನನ್ನು ನೋಡಿ ಮತ ಹಾಕಿದ್ದರು. ಇದೂ ನಮ್ಮ ಜಿಲ್ಲೆಯದೇ ಅನುಭವ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು. ‘ಯಾವ ಪೈಕಿ’ ಮತ್ತೆ ಕಟ್ಟೆಗೆ ಬಂತು. 2009ರಲ್ಲಿ ರಮೇಶ ಕತ್ತಿಯವರು ಪ್ರಕಾಶ ಹುಕ್ಕೇರಿಯವರನ್ನು ಸೋಲಿಸಿದರು. 2014ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಹುಕ್ಕೇರಿಯವರು 3,003 ಮತಗಳಿಂದ ಗೆದ್ದರು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ನಾನೂರೂ ಬರುವುದಿಲ್ಲ. ಒಂದು ಸಣ್ಣ ಊರಿನ ಓಣಿ ಮನಸ್ಸು ಬದಲಿಸಿದ್ದರೆ ಫಲಿತಾಂಶ ಅದಲು ಬದಲಾಗುತ್ತಿತ್ತು. 2019ರಲ್ಲಿ ಬಿಜೆಪಿ ಕತ್ತಿಯವರಿಗೆ ಟಿಕೆಟ್ ಕೊಡದೆ ಅಣ್ಣಾಸಾಹೇಬ ಜೊಲ್ಲೆಯವರಿಗೆ ಕೊಟ್ಟಿತು. ಮೂರನೇ ಸಲ ನಿಂತ ಹುಕ್ಕೇರಿಯವರು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಸೋತರು. 2024ರಲ್ಲಿ ಎರಡನೇ ಸಲ ನಿಂತ ಜೊಲ್ಲೆಯವರನ್ನು ಮೊದಲ ಸಲ ನಿಂತ ಪ್ರಿಯಾಂಕಾ ಜಾರಕಿಹೊಳಿಯವರು ಸುಮಾರು 90 ಸಾವಿರ ಮತಗಳಿಂದ ಸೋಲಿಸಿದರು. 2009ರಿಂದ ಈಚೆಗೆ ಚಿಕ್ಕೋಡಿಯ ಮತದಾರರು ಯಾರನ್ನೂ ಎರಡು ಸಲ ಬೆನ್ನುಬೆನ್ನಿಗೆ ಕಳಿಸಿಲ್ಲ.

ಬೆಳಗಾವಿಯ ಕಥೆ ಇದಕ್ಕೆ ತಿರುಗುಮುರುಗು. ಸುರೇಶ ಅಂಗಡಿಯವರು 2004, 2009, 2014, 2019 ನಾಲ್ಕೂ ಸಲ ಗೆದ್ದರು. ಕೊನೆಯ ಸಲದ ಅಂತರ 3 ಲಕ್ಷ 91 ಸಾವಿರ ದಾಟಿತ್ತು. ರೈಲ್ವೆ ರಾಜ್ಯ ಸಚಿವರಾಗಿದ್ದಾಗಲೇ, 2020ರ ಸೆಪ್ಟೆಂಬರಿನಲ್ಲಿ, ಕೊರೋನಾದಿಂದ ತೀರಿಕೊಂಡರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿಯವರು ಸತೀಶ ಜಾರಕಿಹೊಳಿಯವರ ವಿರುದ್ಧ ಗೆದ್ದದ್ದು 5,240 ಮತಗಳಿಂದ. ಎರಡೇ ವರ್ಷದಲ್ಲಿ ನಾಲ್ಕು ಲಕ್ಷದ ಹತ್ತಿರದಿಂದ ಐದು ಸಾವಿರಕ್ಕೆ! ಎದುರಾಳಿ ಬೇರೆ, ಕಾಲವೂ ಬೇರೆ. ಜೊತೆಗೆ ಮಹಾರಾಷ್ಟ್ರ ಏಕೀಕರಣ ಸಮಿತಿಯ ಅಭ್ಯರ್ಥಿಗೆ ಒಂದು ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು. ಇದೆಲ್ಲವನ್ನೂ ಒಪ್ಪೋಣ. ಆದರೂ ಅನುಕಂಪವೊಂದೇ ಸಾಕು ಎಂದು ಲೆಕ್ಕ ಹಾಕಿದವರಿಗೆ ಮತದಾರ ಬೇರೆ ಲೆಕ್ಕ ತೋರಿಸಿದ್ದು ನಿಜ.

ಅಂಗಡಿಯವರ ಹೆಸರಿನೊಡನೆ ನೆನಪಾಗಬೇಕಾದ ಕೆಲಸ ಕಿತ್ತೂರು ಮಾರ್ಗವಾಗಿ ಬೆಳಗಾವಿ–ಧಾರವಾಡ ರೈಲು ದಾರಿ. ಅದಕ್ಕೆ ಮಂಜೂರಾತಿ ದೊರೆತದ್ದು ಅವರು ಸಚಿವರಾಗಿದ್ದಾಗ. ಆ ಮೇಲೆ ಬಂದ ಮಂಗಲಾ ಅಂಗಡಿಯವರನ್ನೂ, 2024ರಲ್ಲಿ ಹುಬ್ಬಳ್ಳಿಯಿಂದ ಬಂದು ಗೆದ್ದ ಜಗದೀಶ ಶೆಟ್ಟರ ಅವರನ್ನೂ ‘ಆ ದಾರಿ ಎಲ್ಲಿಯವರೆಗೆ ಬಂತು?’ ಎಂದು ಕೇಳಿದವರೆಷ್ಟು? ಶೆಟ್ಟರರು ಹೊರಗಿನವರೋ ಒಳಗಿನವರೋ ಎಂದು ಚರ್ಚಿಸಿದವರು ಮಾತ್ರ ಲೆಕ್ಕವಿಲ್ಲದಷ್ಟು.

ಸೋತು ಮತ್ತೆ ನಿಲ್ಲುವವರ ಬಗ್ಗೆ ಎರಡು ಮಾತು. ಬೆಂಗಳೂರಿನ ‘ಹೊಟ್ಟೆ ಪಕ್ಷ’ದ ರಂಗಸ್ವಾಮಿಯವರು 86 ಚುನಾವಣೆಗಳಲ್ಲಿ ನಿಂತು ಎಲ್ಲದರಲ್ಲೂ ಸೋತರು. ಜನ ನಕ್ಕರು, ಪತ್ರಿಕೆಗಳು ಫೋಟೊ ಹಾಕಿದವು. ನಮ್ಮ ಬೆಳಗಾವಿಯಲ್ಲೇ 1996ರಲ್ಲಿ 456 ಜನ ಕಣದಲ್ಲಿದ್ದರು. ಮತಪತ್ರವನ್ನು ಪುಸ್ತಕದಂತೆ ಮಡಿಚಬೇಕಾಯಿತು. ಆಗ ಲೋಕಸಭೆಯ ಠೇವಣಿ ಕೇವಲ 500 ರೂಪಾಯಿ. ಆ ವರ್ಷವೇ ಅದನ್ನು 10,000ಕ್ಕೆ ಏರಿಸಿದರು, ಈಗ 25,000. ಠೇವಣಿ ಏರಿಸಿದ್ದರಿಂದ ಗದ್ದಲ ಕಡಿಮೆಯಾಯಿತು, ಸರಿ. ಬಡವ ಮತ್ತೆ ನಿಲ್ಲುವ ದಾರಿಯೂ ಅದರೊಂದಿಗೇ ಕಿರಿದಾಯಿತು. ಮತ್ತೆ ಮತ್ತೆ ನಿಲ್ಲಲು ಉಳಿದವರು ಹೆಚ್ಚಾಗಿ ಯಾರು? ಸಕ್ಕರೆ ಕಾರ್ಖಾನೆ, ಬ್ಯಾಂಕು, ಶಿಕ್ಷಣ ಸಂಸ್ಥೆ ಕೈಯಲ್ಲಿದ್ದವರು, ಇಲ್ಲವೆ ಅಂಥವರ ಮನೆಯವರು. ಆಯೋಗವೇ ಲೋಕಸಭೆಯ ಖರ್ಚಿನ ಮಿತಿಯನ್ನು 95 ಲಕ್ಷ ಎಂದಿಟ್ಟಿರುವಾಗ ಬೇರೆ ಏನಾದೀತು? ಸೋತವರೂ ಲೆಕ್ಕ ಕೊಡಬೇಕು ಎನ್ನುವುದು ನನ್ನ ವಾದ. ನೆರೆ ಬಂದಾಗ ಎಲ್ಲಿದ್ದಿರಿ, ಗೆದ್ದವರ ತಪ್ಪನ್ನು ಯಾವ ಸಭೆಯಲ್ಲಿ ಎತ್ತಿ ಆಡಿದಿರಿ, ಅಥವಾ ಟಿಕೆಟ್ ಪಟ್ಟಿ ಹೊರಬಂದ ಮೇಲೆಯೇ ನಮ್ಮ ನೆನಪಾಯಿತೇ ಎಂದು ಅವರನ್ನು ಕೇಳಬೇಡವೇ?

ನಮ್ಮವರಿಗೆ ಲೆಕ್ಕ ಕೇಳಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪಿಕೆಪಿಎಸ್ ಚುನಾವಣೆ ಇರಲಿ, ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆ ಇರಲಿ, 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಚುನಾವಣೆ ಇರಲಿ, ಸದಸ್ಯರು ಪೈಸೆ ಪೈಸೆಗೆ ಬಾಯಿ ಬಿಡುತ್ತಾರೆ. ಬಿಲ್ ಯಾವಾಗ, ಬಡ್ಡಿ ಎಷ್ಟು, ಟಿಸಿ ಸುಟ್ಟಾಗ ಎಷ್ಟು ದಿನಕ್ಕೆ ಬದಲಿಸಿದಿರಿ ಎಂದು ಬಿಡದೆ ಕೇಳುತ್ತಾರೆ. ಅದೇ ಜನ ಲೋಕಸಭೆ ಬಂದಾಗ ಸುಮ್ಮನಾಗುವುದು ದಿಲ್ಲಿಯ ಕೆಲಸ ತಮಗೆ ಸಂಬಂಧವಿಲ್ಲ ಎಂಬ ಭಾವನೆಯಿಂದ.

ಸಂಬಂಧ ಎಷ್ಟಿದೆ ಎನ್ನುವುದಕ್ಕೆ ಗುರ್ಲಾಪುರವೇ ಸಾಕ್ಷಿ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ನವೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ರಾಜ್ಯ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು; ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಆದರೆ ಕಬ್ಬಿನ ಎಫ್‌ಆರ್‌ಪಿ ನಿಗದಿ ಮಾಡುವುದು ಕೇಂದ್ರ. 2018-19ರಲ್ಲಿ ಶೇ 10ರ ಇಳುವರಿಗೆ ಕ್ವಿಂಟಲಿಗೆ 275 ರೂಪಾಯಿ ಇದ್ದದ್ದು 2025-26ಕ್ಕೆ ಶೇ 10.25ರ ಇಳುವರಿಗೆ 355 ಆಗಿದೆ. ದರ ಏರಿದಂತೆ ಕಂಡರೂ ಅದಕ್ಕೆ ಕಟ್ಟಿದ ಇಳುವರಿಯ ಗಂಟನ್ನೂ ಬಿಗಿ ಮಾಡಿದ್ದಾರೆ. ಕಟಾವು, ಸಾಗಣೆಯ ಖರ್ಚು ಕಳೆದು ರೈತನ ಕೈಗೆ ಬರುವುದು ಎಷ್ಟು ಎಂಬ ಜಗಳ ಬೇರೆ. ಇತ್ತ ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ 2019ರ ಫೆಬ್ರುವರಿಯಲ್ಲಿ ಕಿಲೊಗೆ 31 ರೂಪಾಯಿ ಎಂದು ಮಾಡಿತು. ಗುರ್ಲಾಪುರದಲ್ಲಿ ರೈತರು ಕೂತಾಗಲೂ ಅದು ಅಷ್ಟೇ ಇತ್ತು. ಕಾರ್ಖಾನೆಯವರು ಅದನ್ನೇ ತೋರಿಸಿ ಕೈ ಚೆಲ್ಲುತ್ತಾರೆ. ಎಥೆನಾಲ್ ದರವೂ ದಿಲ್ಲಿಯದೇ. ಹೀಗಿರುವಾಗ ಬೆಳಗಾವಿ, ಚಿಕ್ಕೋಡಿಯ ಸಂಸದರಿಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ? ಆ ಕ್ರಾಸಿನಲ್ಲಿ ರಾತ್ರಿ ಮಲಗಿದವರು ಪಕ್ಕದಲ್ಲಿ ಮಲಗಿದವರನ್ನು ‘ನೀವು ಯಾವ ಪೈಕಿ’ ಎಂದು ಕೇಳಿಕೊಂಡು ಚಾಪೆ ಹಾಸಲಿಲ್ಲ.

ಮತ್ತೆ ನಿಂತವರ ಲೆಕ್ಕ ನೋಡಲು ದೊಡ್ಡ ವಿದ್ಯೆ ಬೇಕಿಲ್ಲ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಕೊಡಲೇಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಮೂರು ಸಲ ನಿಂತವರದ್ದು ಮೂರು ಪ್ರಮಾಣಪತ್ರ ಇರುತ್ತವೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಆಸ್ತಿ ಎಷ್ಟು ಬೆಳೆಯಿತು, ಯಾವ ಮೊಕದ್ದಮೆ ಉಳಿಯಿತು ಎಂದು ಎಸೆಸೆಲ್ಸಿ ಓದಿದ ಹುಡುಗಿಯೂ ಹೇಳಬಲ್ಲಳು. ಗೆದ್ದವರಾದರೆ ಸಂಸದರ ನಿಧಿ ಇದೆ, ವರ್ಷಕ್ಕೆ 5 ಕೋಟಿ. ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳ ಪಟ್ಟಿಯೂ ಸಿಗುತ್ತದೆ. (ಮಂತ್ರಿಯಾದವರು ಪ್ರಶ್ನೆ ಕೇಳುವಂತಿಲ್ಲ, ಉತ್ತರಿಸುವವರು, ಅವರನ್ನು ಆ ಪಟ್ಟಿಯಲ್ಲಿ ಹುಡುಕಬಾರದು.) ಐದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸುಮ್ಮನೆ ಮೊರ ಹಿಡಿಯಲಿಲ್ಲ. ತಂದವನು ಗಂಡ, ಆರಿಸಿದ ಕಾಯಕ ಶುದ್ಧ. ಆದರೂ ಕೇಳಿದಳು, ತಿರುಗಿ ಕಳಿಸಿದಳು. ಆ ಮನೆತನದವರು ನಾವು ಎಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ನಾವು ಅಭ್ಯರ್ಥಿಯ ಪ್ರಮಾಣಪತ್ರ ಓದಲು ಸಂಕೋಚ ಪಡುವುದೇಕೆ?

ಇನ್ನು ಮಠಗಳ ವಿಷಯ. ಚುನಾವಣೆ ಬಂದಾಗ ಅಭ್ಯರ್ಥಿಗಳು ಮಠಕ್ಕೆ ಬರುತ್ತಾರೆ. ಬರಲಿ, ಮಠದ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಪ್ರಸಾದ ಮಾಡಿ ಹೋಗಲಿ. ಶಾಲು ಹೊದಿಸಿ ಫೋಟೊ ತೆಗೆದು, ಮರುದಿನ ಅದು ‘ಶ್ರೀಗಳ ಆಶೀರ್ವಾದ’ ಎಂದು ಮೊಬೈಲಿನಿಂದ ಮೊಬೈಲಿಗೆ ಹೋಗುವುದು ಮಾತ್ರ ನಿಲ್ಲಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಪ್ರಚಾರಕ್ಕೆ ಬಳಸಬಾರದೆಂದು 1988ರ ಕಾಯ್ದೆಯೇ ಇದೆ. ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟಾಚರಣೆ. ಅಭ್ಯರ್ಥಿಯ ಜಾತಿಯಷ್ಟೇ ಅಲ್ಲ, ಮತದಾರನ ಜಾತಿಯನ್ನು ಎತ್ತಿ ಕೇಳಿದರೂ ಅದು ಭ್ರಷ್ಟಾಚರಣೆಯೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದೆ. ಅಂದರೆ ‘ನಮ್ಮ ಪೈಕಿ ಅವರು, ಕೈ ಬಿಡಬ್ಯಾಡ್ರಿ’ ಎಂದು ಅಭ್ಯರ್ಥಿಯ ಕಡೆಯವರು ಓಣಿಯಲ್ಲಿ ಹೇಳುವ ಮಾತು, ಸಾಬೀತಾದರೆ, ಗೆದ್ದ ಸ್ಥಾನವನ್ನೇ ಕಳೆಯಬಲ್ಲದು.

ಹಾಗಾದರೆ ಮಠಗಳು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಯಾರಿಗೆ ಮತ ಹಾಕಿ ಎಂದು ಹೇಳುವುದು ಬೇಡ. ಚುನಾವಣೆ ಇಲ್ಲದ ವರ್ಷಗಳಲ್ಲಿ ತಿಂಗಳ ಶಿವಾನುಭವ ಗೋಷ್ಠಿಗೆ ಎಫ್‌ಆರ್‌ಪಿ ಎಂದರೇನು, ಇಳುವರಿಯನ್ನು ಹೇಗೆ ಅಳೆಯುತ್ತಾರೆ, ನೆರೆ ಪರಿಹಾರದಲ್ಲಿ ಕೇಂದ್ರದ ಪಾಲೆಷ್ಟು ಎಂದು ತಿಳಿಸಿ ಹೇಳಬಲ್ಲವರನ್ನು ಕರೆಯಲಿ. ಯಾವ ಪಕ್ಷದ ಹೆಸರನ್ನೂ ಎತ್ತದೆ ಇದನ್ನು ಮಾಡಬಹುದು. ಅಭ್ಯರ್ಥಿಗಳನ್ನು ಕೂರಿಸಿ ಪ್ರಶ್ನೆ ಕೇಳುವ ಸಭೆ ಮಠದ ಹೊರಗೆ, ರೈತರು ತಾವೇ ಕೂಡಿ ಮಾಡಲಿ. ನಮ್ಮ ತಾಲ್ಲೂಕುಗಳಲ್ಲಿ ಅದಕ್ಕೆ ಸಾಕಷ್ಟು ಸಮುದಾಯ ಭವನಗಳಿವೆ.

2029ಕ್ಕೆ ಯಾರು ಮತ್ತೆ ನಿಲ್ಲುತ್ತಾರೋ, ಯಾರ ಮಗ ಯಾರ ಮಗಳು ಹೊಸದಾಗಿ ನಿಲ್ಲುತ್ತಾರೋ ಗೊತ್ತಿಲ್ಲ. ಮತ್ತೆ ನಿಂತವರ ಜೀಪು ಗುರ್ಲಾಪುರ ಕ್ರಾಸಿಗೆ ಬಂದು ನಿಂತಾಗ ಮೊದಲು ಕೇಳಬೇಕಾದ್ದು ಇಷ್ಟು: ನಾವು ಇಲ್ಲಿ ರಸ್ತೆಯ ಮೇಲೆ ಕೂತಿದ್ದಾಗ ನೀವು ಎಲ್ಲಿದ್ದಿರಿ, ಆಮೇಲೆ ಸಂಸತ್ತು ಕೂಡಿದಾಗ 31 ರೂಪಾಯಿಯ ಬಗ್ಗೆ ಎದ್ದು ನಿಂತು ಏನಂದಿರಿ?